ಮುಚ್ಚಳದ ಮೇಲಿನ ಹೆಸರು

…ಬಲಗೈಯ ಹೆಬ್ಬೆರಳೇ ಇರಬೇಕು. ಇಲ್ಲ, ಎಡಗೈ. ಉಗುರಿನ ಬುಡದಲ್ಲಿ ನೇರಳೆ ಬಣ್ಣ ಕೂತಿತ್ತು, ಸೂಕ್ಷ್ಮಜೀವಿಗಳು ಎದ್ದು ಕಾಣಲೆಂದು ಹಾಕುವ ಬಣ್ಣ, ಸಾಬೂನಿಗೂ ಹೋಗದ್ದು. ಕೈ ಯಾವುದೆಂಬುದೇ ಅನುಮಾನವಿರುವಾಗ ಉಳಿದದ್ದನ್ನು ಎಷ್ಟು ನಂಬುತ್ತೀರೋ ನಂಬಿ. ಅರ್ಧ ತೆರೆದ ಬಾಗಿಲನ್ನು ಹಿಡಿದಿದ್ದ ಮೇಡಂ ಅವರ ಆ ಬೆರಳನ್ನೇ ನೋಡುತ್ತ ನಾನು ಬಂದ ಕಾರಣ ಹೇಳಿದ್ದೆ.

ಆಗ ನಾನು ಇಳಕಲ್ಲಿನಲ್ಲಿ ಒಂಬತ್ತನೇ ತರಗತಿ. ನಮ್ಮದು ಸೀರೆ ನೇಯುವ ಮನೆ. ಮಗ್ಗಕ್ಕೆ ಏರಿಸುವ ಮೊದಲು ನೂಲಿಗೆ ಗಂಜಿ ಹಚ್ಚಬೇಕು. ಮಳೆಗಾಲದಲ್ಲಿ ಆ ಗಂಜಿಗೆ ಬೂಸ್ಟು ಹಿಡಿದು ನೂಲೆಲ್ಲ ಕಲೆ. ದಾಳಿಂಬೆ ಸಿಪ್ಪೆ ಕುದಿಸಿದ ನೀರು ಬೆರೆಸಿದರೆ ಬೂಸ್ಟು ನಿಲ್ಲುತ್ತದೆಯೇ ಎಂದು ನೋಡುವ ಹುಚ್ಚು ನನಗೆ. ಶಾಲೆಯ ಪ್ರಯೋಗಾಲಯಕ್ಕೆ ಯಾವಾಗಲೂ ಬೀಗ. ಅಪ್ಪನ ಫೋನಿನಿಂದ ಬಾಗಲಕೋಟೆಯ ಕಾಲೇಜುಗಳಿಗೆ ಮೇಲ್ ಕಳಿಸಿದೆ, ಉತ್ತರವಿಲ್ಲ. ಕೊನೆಗೆ ಅಪ್ಪನನ್ನು ಕಾಡಿ ಬಸ್ಸು ಹತ್ತಿಸಿ, ಬಾಗಿಲು ಬಾಗಿಲು ತಟ್ಟಿದೆ. “ಡಿಗ್ರಿ ಮುಗಿಸಿ ಬಾರವಾ” ಎಂದರು ಒಂದು ಕಡೆ. ಇನ್ನೊಂದು ಕಡೆ ಅಪ್ಪನನ್ನು ನೋಡಿ, “ಸೀರಿ ಮಾರಾಕ ಬಂದೀರೇನ್ರಿ?” ಎಂದರು.

ಅಲ್ಲಿನ ನವನಗರದ ಒಂದು ಕಾಲೇಜಿನ ಲ್ಯಾಬ್ ಮೇಡಂ ಮಾತ್ರ ಪೂರ್ತಿ ಕೇಳಿದರು.

“ಬೂಸ್ಟಿಗೆ ಹೆದರ್ತಿಯೇನು?”

“ಇಲ್ರಿ.”

“ಹೆದರಬೇಕ. ಅದು ನಮಗಿಂತ ಮದಲ ಬಂದೈತಿ, ನಾವು ಹ್ವಾದಮ್ಯಾಲೂ ಇರ್ತೈತಿ. ಐತವಾರ ಬಾ.”

ಹಾಗೆ ಒಂದು ವರ್ಷದ ಭಾನುವಾರಗಳು. ಬೂಸ್ಟು ಬೆಳೆಸುವ ಗಾಜಿನ ತಟ್ಟೆಯ ಮುಚ್ಚಳವನ್ನು ಬೆಂಕಿಯ ಪಕ್ಕದಲ್ಲಿ ತುಸುವೇ ಎತ್ತುವುದನ್ನು, ಎತ್ತಿದಾಗ ಉಸಿರು ಹಿಡಿಯುವುದನ್ನು ಅವರೇ ಕಲಿಸಿದರು. ಮಾತಾಡಿದರೆ, “ಬಾಯಾಗಿನ ಸಂಸಾರೆಲ್ಲಾ ಒಳಗ ಇಳಸ್ತಿಯೇನ?” ಎಂದು ಗದರುವರು. ಗುರುತು ಬರೆಯುವುದು ತಟ್ಟೆಯ ತಳಕ್ಕೆ, ಮುಚ್ಚಳದ ಮೇಲಲ್ಲ. “ಮುಚ್ಚಳ ಅದಲಬದಲ ಆಗ್ತಾವ. ಬೆಳದದ್ದು ತಳದಾಗ ಇರ್ತೈತಿ, ಹೆಸರೂ ಅಲ್ಲೇ ಇರಬೇಕು.” ನಾನು ಒಳಗೆ ಬಂದರೆ ಎಂ.ಎಸ್ಸಿ. ಹುಡುಗರಿಗೆ, “ಏಳ್ರಿ, ನಮ್ಮ ವಿಜ್ಞಾನಿ ಬಂದ್ಳು” ಎನ್ನುವರು. ನಗುತ್ತ ಅವರು ಖರೇ ಎದ್ದು ನಿಲ್ಲುತ್ತಿದ್ದರು. ಮಧ್ಯಾಹ್ನ ಮೆಟ್ಟಿಲ ಮೇಲೆ ಮೇಡಂ ಅವರ ಡಬ್ಬಿಯ ರೊಟ್ಟಿ, ಶೇಂಗಾ ಹಿಂಡಿ. ಅರ್ಧ ನನಗೆ.

ಸಿಪ್ಪೆಯ ನೀರು ಬೆರೆಸಿದ ತಟ್ಟೆಗಳಲ್ಲಿ ಬೂಸ್ಟು ಬೆಳೆಯಲಿಲ್ಲ. ಆ ವರ್ಷ ಶಾಲಾ ಮಕ್ಕಳ ವಿಜ್ಞಾನ ಪ್ರದರ್ಶನದಲ್ಲಿ ಆಯ್ಕೆಯಾದ ಒಬ್ಬರಿಗೆ ಬೇಸಿಗೆಯಲ್ಲಿ ಧಾರವಾಡದ ದೊಡ್ಡ ಪ್ರಯೋಗಾಲಯದಲ್ಲಿ ಕೆಲಸ ಕಲಿಯುವ ಅವಕಾಶವಿತ್ತು. ಅಪ್ಪ ಮೊದಲೇ ಹೇಳಿದ್ದ: “ಹೆಸರು ಬಂತಂದ್ರ ನಾನ ಬಿಟ್ಟು ಬರ್ತೇನಿ. ಬರಲಿಲ್ಲಂದ್ರ ಈ ತಿರುಗಾಟ ಸಾಕು, ನಿಮ್ಮವ್ವಗ ಕೈಗೂಡಸು.”

ಪ್ರದರ್ಶನದ ಬೆಳಿಗ್ಗೆ ಮೇಡಂ ಗೇಟಿನಲ್ಲೇ ನಿಂತಿದ್ದರು. “ನಿನ್ನ ತಟ್ಟಿ ಕೆಟ್ಟಾವ ತಂಗಿ. ಚಾರ್ಟ್ ಹಿಡಕೊಂಡು ನಿಂದರು.”

ತಟ್ಟೆಗಳು ಕೆಡುತ್ತವೆ, ಗೊತ್ತಿದ್ದದ್ದೇ. “ಇರ್ಲಿ ಬಿಡ್ರಿ ಮೇಡಂ, ಮತ್ತ ಮಾಡೂಣ” ಎಂದು ನಾನೇ ಅವರಿಗೆ ಸಮಾಧಾನ ಹೇಳಿದೆ.

ಅವರ ವಿಭಾಗದ ಮುಖ್ಯಸ್ಥರ ಮಗ ಆಚೆಯ ಟೇಬಲ್ಲಿನಲ್ಲಿ ಟೈ ಕಟ್ಟಿಕೊಂಡು ನಿಂತಿದ್ದ. ಅವನ ಮುಂದೆಯೂ ಗಂಜಿಯ ತಟ್ಟೆಗಳು. ಮುಚ್ಚಳಗಳ ಮೇಲೆ ಅಚ್ಚು ಹಾಕಿಸಿದ ಅವನ ಹೆಸರು. ಒಂದನ್ನು ತಿರುವಿದೆ. ತಳದಲ್ಲಿ ನನ್ನ ಅಕ್ಷರ, ನನ್ನ ಹೆಸರು.

“ಅಕ್ಕಾ, ಅದು ಆಟಿಗಿ ಸಾಮಾನಲ್ಲ, ಇಡು,” ಎಂದ ಹುಡುಗ. ತಳ ನೋಡಬೇಕೆಂಬುದೂ ಅವನಿಗೆ ಗೊತ್ತಿರಲಿಲ್ಲ.

ಮೇಡಂ ಬಂದರು. ತಟ್ಟೆಯನ್ನು ನನ್ನ ಕೈಯಿಂದ ತೆಗೆದುಕೊಂಡು, ತಳ ಕೆಳಗೆ ಮಾಡಿ ಇಟ್ಟರು. “ನಿನ್ನ ಟೇಬಲ್ಲಿಗಿ ನಡಿ,” ಎಂದರು, ನನ್ನ ಮುಖ ನೋಡದೆ.

ತೀರ್ಪುಗಾರರು ಕೇಳಿದಾಗ ಅವನು ತಡವರಿಸದೆ ಉತ್ತರಿಸಿದ. ಅವನ ಹಿಂದೆ ಮೇಡಂ ಅವರ ತುಟಿಗಳು ಅವನ ಮಾತಿಗೆ ತಕ್ಕಂತೆ ಅಲುಗುತ್ತಿದ್ದವು. ಅಥವಾ ಆ ತುಟಿಗಳನ್ನು ಆಮೇಲೆ ನಾನೇ ಅಲ್ಲಿ ತಂದಿಟ್ಟೆನೋ. ಎಷ್ಟು ಸಲ ನೆನೆದಿದ್ದೇನೆಂದರೆ ಈಗ ಬೇರೆ ಮಾಡಲು ಆಗುವುದಿಲ್ಲ.

ಧಾರವಾಡಕ್ಕೆ ಅವನು ಹೋದ. ಊರಿಗೆ ಮರಳುವ ಬಸ್ಸು ಹುನಗುಂದ ದಾಟಿದ ಮೇಲೆ ಅಪ್ಪ, “ಸಾಕೇನ?” ಎಂದ.

“ಸಾಕಪಾ.”

ಮುಂದಿನ ಭಾನುವಾರ ಮೇಡಂ ಅಪ್ಪನ ಫೋನಿಗೆ ಕರೆ ಮಾಡಿ, “ಯಾಕ ಬರಲಿಲ್ಲವಾ? ರೊಟ್ಟಿ ಹಂಗ ಉಳದಾವ” ಎಂದರು, ಏನೂ ಆಗದವರಂತೆ. ನಾನು ಫೋನು ಇಟ್ಟೆ. ಮತ್ತೆ ಅವರು ಮಾಡಲಿಲ್ಲ.

ಇವತ್ತು ನಾನು ಅದೇ ಬಗೆಯ ಕೆಲಸದಲ್ಲಿದ್ದೇನೆ. ಡಿಗ್ರಿಯ ನಂತರ, ಎಲ್ಲರಂತೆ, ತಡವಾಗಿ ಬಂದೆ. ಮುಚ್ಚಳ ಎತ್ತಿದ ಕೂಡಲೆ ಉಸಿರು ತಾನೇ ನಿಲ್ಲುತ್ತದೆ. ಅವರ ಮೇಲೆ ಸಿಟ್ಟು ಬಂದಾಗಲೂ ನಿಲ್ಲುತ್ತದೆ.

ಹೋದ ವರ್ಷ ಮೇಡಂ ತೀರಿಕೊಂಡರು. ಸುದ್ದಿ ತಿಳಿಸಿದವರು ಮಾತಿನ ನಡುವೆ ಹೇಳಿದರು: ಶಾಲೆಯ ಮಕ್ಕಳನ್ನು ಆ ಲ್ಯಾಬಿಗೆ ಬಿಡಲು ಮುಖ್ಯಸ್ಥರು ಯಾರಿಗೂ ಒಪ್ಪಿದವರಲ್ಲವಂತೆ. ನನಗೊಬ್ಬಳಿಗೆ ಒಪ್ಪಿದ್ದರು. ಅವರ ಮಗನಿಗೊಂದು ಪ್ರಯೋಗ ಸಿಗಲೆಂದೇ ಮೇಡಂ ಮೊದಲಿನಿಂದ ನನ್ನನ್ನು ಸೇರಿಸಿಕೊಂಡಿದ್ದರೋ, ಆ ಒಪ್ಪಿಗೆಯ ಬೆಲೆಯಾಗಿ ಆಮೇಲೆ ನನ್ನ ಕೆಲಸವನ್ನೇ ಅವನಿಗೆ ಕೊಡಬೇಕಾಯಿತೋ, ನನಗೆ ಗೊತ್ತಿಲ್ಲ.