ಬಾಯಿ ಎಳೆಯುತ್ತಿದ್ದ ಬೆಳಗುಗಳು

ಸೂಡಿಯಲ್ಲಿ ನಾನು ಮೂರನೇ ಇಯತ್ತೆ ಓದುವಾಗ ಅದು ಶುರುವಾಯಿತು. ನಸುಕಿನಲ್ಲಿ ಎಚ್ಚರವಾಗುವಾಗ ನಾಲಿಗೆಯ ಬಲಭಾಗ ಜೋಮು ಹಿಡಿದಂತಾಗಿ, ಅದೇ ಕಡೆಯ ಗಲ್ಲ ಎಳೆಯತೊಡಗುತ್ತಿತ್ತು. ಜೊಲ್ಲು ಸುರಿಯುತ್ತಿತ್ತು. ಸುತ್ತಲಿನವರ ಮಾತೆಲ್ಲ ಕೇಳುತ್ತಿತ್ತು. ನನಗೆ ಮಾತ್ರ ಮಾತು ಬರುತ್ತಿರಲಿಲ್ಲ.

ಊರವರು ಗಾಳಿ ಸೋಕಿದೆ ಎಂದರು. ತಾಯಿತ ಕಟ್ಟಿದರೂ ನಿಲ್ಲದಾಗ, ಅದು ಬಂದ ಗಳಿಗೆಯಲ್ಲೇ ಹಣೆಗೆ ಬರೆ ಹಾಕಬೇಕೆಂದು ಅಜ್ಜಿಗೆ ಯಾರೋ ಹೇಳಿದರು. ಅಜ್ಜಿ ಕೆಟ್ಟವಳಲ್ಲ. ಹೀಗೇ ಬಾಯಿ ಎಳೆದು ಸತ್ತ ತನ್ನ ಕೂಸೊಂದನ್ನು ನೆನೆದು ನಡುಗುತ್ತಿದ್ದಳು. ಅಂದಿನಿಂದ ದಿನವೂ ಬೆಳಗಾಗುವ ಮೊದಲೇ ಒಲೆಯಲ್ಲಿ ಕಬ್ಬಿಣದ ಸರಳೊಂದು ಕಾಯುತ್ತಿತ್ತು. ನಾನು ಕಣ್ಣು ತೆರೆಯಲು ಹೆದರುತ್ತಿದ್ದೆ.

ಅದು ಮತ್ತೆ ಬಂದ ದಿನ ಅಪ್ಪ ಹತ್ತಿ ವ್ಯಾಪಾರಕ್ಕೆಂದು ನರಗುಂದಕ್ಕೆ ಹೋಗಿದ್ದ. ಅಜ್ಜಿ ಸರಳು ಹಿಡಿದು ಬಂದಳು. ಬೇಡ ಎನ್ನಲು ಹೋದೆ. ಗಂಟಲಲ್ಲಿ ಗೊರಗೊರ ಸದ್ದಷ್ಟೇ ಹೊರಟಿತು. ಅವ್ವ ನನ್ನ ಎಡಗೈ ಹಿಡಿದು, "ನಾ ಅಂದದ್ದು ಕೇಳಸ್ತಿದ್ರ ಕೈ ಒತ್ತವಾ" ಎಂದಳು. ಒತ್ತಿದೆ. ಇನ್ನೊಮ್ಮೆ ಎಂದಳು. ಮತ್ತೆ ಒತ್ತಿದೆ.

"ಅತ್ತಿ, ಆಕಿಗೆ ಎಚ್ಚರ ಐತ್ರಿ. ಗಾಳಿ ಅಲ್ಲರಿ ಇದು. ಸುಡಬ್ಯಾಡ್ರಿ."

ಅಜ್ಜಿ ಸರಳನ್ನು ನೆಲಕ್ಕಿಟ್ಟು ಗೋಡೆಗೊರಗಿ ಕುಳಿತುಬಿಟ್ಟಳು.

ಅಪ್ಪ ಬಂದವನೇ ನನ್ನನ್ನು ಗಜೇಂದ್ರಗಡದ ಡಾಕ್ಟರರಿಗೆ ತೋರಿಸಿದ. ಅವರು ಮುಂಬಯಿಗೆ ಹೋಗಲು ಹೇಳಿದರು. ಆಗ ಮುಂಬಯಿ ಪ್ರಾಂತ್ಯದಲ್ಲಿದ್ದ ನಮಗೆ ರಾಜಧಾನಿಯೇ ಅದು. ಮೆದುಳಿನ ಅಲೆಗಳನ್ನು ಬರೆಯುವ ಯಂತ್ರ ಅಲ್ಲಿತ್ತು. ಅಪ್ಪ, ಅವ್ವ ಕರೆದೊಯ್ದರು. ತಲೆಗೆ ಅಂಟು ಹಚ್ಚಿ ತಂತಿ ಕೂರಿಸುವಾಗ, ಕರೆಂಟು ಕೊಡುತ್ತಾರೆಂದೇ ನಂಬಿ ಹಲ್ಲು ಕಚ್ಚಿದ್ದೆ. ಏನೂ ಆಗಲಿಲ್ಲ. ಓಡುವ ಕಾಗದದ ಮೇಲೆ ಲೇಖನಿಗಳು ಕರಕರ ಗೀಚಿದವು. ಆ ಸದ್ದಿಗೇ ನಿದ್ದೆ ಹತ್ತಿತು.

ಅಲ್ಲಿನ ಡಾಕ್ಟರರು ಕಾಗದ ಹರಡಿ ತೋರಿಸಿದರು. ಎಚ್ಚರವಿದ್ದಾಗ ಅಲೆಗಳು ಸಣ್ಣಗೆ ಸಾಗಿದ್ದವು. ನಿದ್ದೆ ಬಂದಲ್ಲಿ ಎಡಭಾಗದ ಗೆರೆಗಳು ಜಾಲಿಮುಳ್ಳಿನಂತೆ ಎದ್ದಿದ್ದವು. ಮುಖ, ನಾಲಿಗೆಗಳನ್ನು ಆಡಿಸುವ ಜಾಗದ ಹತ್ತಿರ ಇದು ಹುಟ್ಟುತ್ತದೆ, ಬುದ್ಧಿಗೆ ಏನೂ ಆಗಿಲ್ಲ ಎಂದು ಅವರು ಮರಾಠಿಯಲ್ಲಿ ಹೇಳಿದ್ದನ್ನು ಅಪ್ಪ ಅವ್ವನಿಗೆ ತಿಳಿಸಿದ. ದೊಡ್ಡವಳಾದ ಮೇಲೆ ಹೋದೀತೇ ಎಂದು ಅವ್ವ ಅಪ್ಪನಿಂದ ಕೇಳಿಸಿದಳು. ಕೆಲವು ಮಕ್ಕಳಿಗೆ ಹೋಗಿದ್ದನ್ನು ಕಂಡಿದ್ದೇನೆ, ಆಣೆಯಿಟ್ಟು ಹೇಳಲಾರೆ, ಗುಳಿಗೆ ತಪ್ಪಿಸಬೇಡಿ ಎಂದರು.

ಗುಳಿಗೆಯಿಂದ ಸಾಲೆಯಲ್ಲಿ ಸದಾ ಮಂಪರು. ಆದರೆ ಗಲ್ಲ ಎಳೆಯುವುದು ಅಪರೂಪವಾಯಿತು. ನರೇಗಲ್ಲಿನ ಹೈಸ್ಕೂಲು ಸೇರುವ ಹೊತ್ತಿಗೆ ನಿಂತೇಹೋಯಿತು. ಡಾಕ್ಟರರು ಗುಳಿಗೆಯನ್ನು ಸ್ವಲ್ಪ ಸ್ವಲ್ಪವೇ ಇಳಿಸಿದರು. ಪೂರ್ತಿ ಬಿಟ್ಟ ಮರುದಿನ ನಾನು ಕಣ್ಣು ತೆರೆದಾಗ ಅಪ್ಪ, ಅವ್ವ, ಅಜ್ಜಿ ಮೂವರೂ ಹಾಸಿಗೆಯ ಸುತ್ತ ಕುಳಿತಿದ್ದರು. ನನ್ನ ಬಾಯನ್ನೇ ನೋಡುತ್ತಿದ್ದರು. ಕೊನೆಗೆ ಅಜ್ಜಿಯೇ, "ಏನರ ಮಾತಾಡವಾ" ಎಂದಳು.

"ಹಸಿವಾಗೇತಿ" ಎಂದೆ.

ಅವ್ವ ರೊಟ್ಟಿ ಬಡಿಯಲು ಎದ್ದಳು.