ಮಾರಿಕಣಿವೆಯಲ್ಲಿ ಕೀಳದೆ ಉಳಿದ ಹಲ್ಲು

ಅಂದು ದೋಣಿ ಹತ್ತಲಿಲ್ಲವೆಂದು ನನ್ನನ್ನು ಇಂದಿಗೂ ಹಂಗಿಸುವವರಿದ್ದಾರೆ. ಹಂಗಿಸಲಿ. ಕಾರ್ಯಕ್ರಮದ ಹಾಳೆಯಲ್ಲಿ ಎರಡನೆಯ ದಿನ ಬೆಳಿಗ್ಗೆ ಹತ್ತಕ್ಕೆ ‘ಬೇರಿನ ಚಿಕಿತ್ಸೆ, ಪ್ರಾತ್ಯಕ್ಷಿಕೆ’ ಎಂದು ಅಚ್ಚಾಗಿತ್ತು. ದೋಣಿಯ ಸುದ್ದಿ ಆ ಹಾಳೆಯಲ್ಲಿ ಎಲ್ಲಿಯೂ ಇರಲಿಲ್ಲ.

ಎಪ್ಪತ್ತರ ದಶಕದ ನಡುವಿನ ಮಾತು. ನಾನಾಗ ಹೊಸದುರ್ಗದಲ್ಲಿ ಹಲ್ಲಿನ ವೈದ್ಯೆ. ಒಂದು ಕೋಣೆ, ಒಂದು ಕುರ್ಚಿ, ಕಾಲಿನಿಂದ ತುಳಿದು ತಿರುಗಿಸುವ ಕೊರೆಯುವ ಯಂತ್ರ. ಒಂಬತ್ತಕ್ಕೆ ಬಾಗಿಲು ತೆರೆಯುತ್ತೇನೆಂದರೆ ಒಂಬತ್ತೇ. ಗಂಟೆ ಹೊಡೆದು ಎಬ್ಬಿಸಿ ಗಂಟೆ ಹೊಡೆದು ಉಣ್ಣಿಸುವ ಹಾಸ್ಟೆಲಿನಲ್ಲಿ ಬೆಳೆದವಳು ನಾನು. ಬಂದವರೆಲ್ಲ ಹೇಳುತ್ತಿದ್ದುದು ಒಂದೇ ಮಾತು: “ಕಿತ್ತಾಕ್ರಿ.” ನಾನೂ ಕೀಳುತ್ತಿದ್ದೆ. ಕೊಳೆತ ಹಲ್ಲನ್ನು ಕೀಳದೆ, ಅದರ ಬೇರಿನೊಳಗಿನ ಕೊಳಕನ್ನು ತೆಗೆದು, ತುಂಬಿ ಉಳಿಸುವುದನ್ನು ಕಾಲೇಜಿನಲ್ಲಿ ಓದಿದ್ದೆ. ಕಿತ್ತಿಟ್ಟ ಹಲ್ಲುಗಳ ಮೇಲೆ ಅಭ್ಯಾಸವನ್ನೂ ಮಾಡಿದ್ದೆ. ಮನುಷ್ಯರ ಬಾಯಲ್ಲಿ ಒಮ್ಮೆಯೂ ಮಾಡಿರಲಿಲ್ಲ.

ಹೀಗಿರುವಾಗ ಒಬ್ಬ ಕುರಿಗಾಹಿ ಬಂದ. ಮಾಡದಕೆರೆ ಕಡೆಯವನು, ಮೂವತ್ತರ ಆಸುಪಾಸು. ಮೇಲಿನ ಮುಂದಿನ ಹಲ್ಲು ಕಪ್ಪಾಗಿ ವಸಡು ಕೀವುಗಟ್ಟಿತ್ತು. ಟಗರು ಹಾಯ್ದು ಪೆಟ್ಟಾಗಿತ್ತಂತೆ. ನಾನು ಇಕ್ಕಳ ಎತ್ತಿದೊಡನೆ ಅವನು ಕೈ ಅಡ್ಡ ಹಿಡಿದ.

“ಇದೊಂದ್ ಬ್ಯಾಡ್ರಿ ಡಾಕ್ಟ್ರಮ್ಮ. ಈ ಹಲ್ಲು ಹೋದ್ರೆ ಸಿಳ್ಳು ಹೋತು. ಸಿಳ್ಳು ಹಾಕ್ದಿದ್ರೆ ನನ್ ಕುರಿ ತಿರುಗಿ ನೋಡಲ್ಲ. ನಮ್ಮಣ್ಣಂಗೆ ಹಲ್ಲೈತೆ, ಸಿಳ್ಳು ಬರಲ್ಲ. ಮಂದೆ ನಡ್ಸೋನು ನಾನೊಬ್ನೇ.”

ಕೀವನ್ನು ಬಿಟ್ಟರೆ ಮುಖ ಊದುತ್ತದೆ, ಕಿತ್ತರೆ ಅವನ ಕಸುಬು ಹೋಗುತ್ತದೆ. ತರಬೇತಿಯ ಆಹ್ವಾನ ಅದೇ ವಾರ ಬಂದಿತ್ತು. ಹಿರಿಯೂರಿನ ಹತ್ತಿರ ಮಾರಿಕಣಿವೆ ಅಣೆಕಟ್ಟಿನ ಪ್ರವಾಸಿ ಮಂದಿರದಲ್ಲಿ ಜಿಲ್ಲೆಯ ದಂತವೈದ್ಯರಿಗೆ ಮೂರು ದಿನದ ಪಾಠ. ಕಲಿಸಲು ಬೆಂಗಳೂರಿನಿಂದ ಪ್ರಾಧ್ಯಾಪಕರೊಬ್ಬರು ಬರುತ್ತಾರೆ. ಪ್ರಾತ್ಯಕ್ಷಿಕೆಗೆ ರೋಗಿಯನ್ನು ನಾನು ಕರೆತರುತ್ತೇನೆಂದು ಕಾಗದ ಬರೆದೆ. ಒಪ್ಪಿಗೆಯೂ ಬಂತು.

ಮೊದಲ ದಿನ ಭಾಷಣಗಳಾದವು. ಎರಡನೆಯ ದಿನ ನಾನು ಯಂತ್ರವನ್ನು ವರಾಂಡದಲ್ಲಿ ಹೂಡಿ, ಸಲಕರಣೆಗಳನ್ನು ಕುದಿಸಿ, ಹತ್ತಕ್ಕೆ ಐದು ನಿಮಿಷವಿರುವಾಗ ಸಿದ್ಧಳಾಗಿದ್ದೆ. ಕುರಿಗಾಹಿ ಬೆಳಿಗ್ಗೆಯೇ ನಡೆದು ಬಂದು ಮೆಟ್ಟಿಲ ಮೇಲೆ ಕುಳಿತಿದ್ದ. ಉಳಿದವರು ಹೆಗಲಿಗೆ ಕ್ಯಾಮೆರಾ ಹಾಕಿಕೊಂಡು ಅಣೆಕಟ್ಟಿನ ಕಡೆ ಹೊರಟಿದ್ದರು.

“ನೀರು ಬೇಕಾದಷ್ಟೈತೆ, ಗಾಳಿ ಚೆನ್ನಾಗೈತೆ. ದೋಣಿ ಕಾಯ್ತಾ ಅವೆ, ಬರ್ರಿ ಮೇಡಂ,” ಎಂದರು ತರಬೇತಿಯ ಕಾರ್ಯದರ್ಶಿ. ಅವರೂ ಹಿರಿಯೂರಿನ ದಂತವೈದ್ಯರೇ.

“ಪ್ರಾತ್ಯಕ್ಷಿಕೆ?”

“ಅದಾ? ಅದಿಲ್ದಿದ್ರೂ ಸರ್ಟಿಫಿಕೇಟಿಗೇನೂ ಅಡ್ಡಿಯಿಲ್ಲ ಬಿಡ್ರಿ. ಎಲ್ಲಾರ್ಗೂ ಕೊಡ್ತಾರೆ.”

ನಾನು ಸೀದಾ ಪ್ರಾಧ್ಯಾಪಕರ ಬಳಿ ಹೋಗಿ ಅಚ್ಚಾದ ಹಾಳೆಯನ್ನು ಅವರ ಮುಂದೆ ಹಿಡಿದೆ. ಅವರು ಕೆಟ್ಟವರಲ್ಲ, ಮೆತ್ತಗೆ ಹೇಳಿದರು.

“ನೋಡಮ್ಮಾ, ಇದು ಮೂರು ಸಲ ಕೂರಿಸಬೇಕಾದ ಕೆಲಸ. ಕುರಿ ಹಿಂದೆ ಅಲೆಯುವವನು ಮೂರು ಸಲ ಬರುತ್ತಾನೆಯೆ? ಅರ್ಧ ತೆರೆದು ಬಿಟ್ಟ ಹಲ್ಲು ಇನ್ನೂ ಅಪಾಯ. ಈ ಜನಕ್ಕೆ ಕೀಳುವುದೇ ಸರಿ.”

“ಬರ್ತಾನೋ ಇಲ್ವೋ ಅವನನ್ನೇ ಕೇಳಿ ಸಾರ್.”

ಕಾರ್ಯದರ್ಶಿ ನಕ್ಕರು. “ಏನಪ್ಪ, ಇನ್ನೆಂಟು ದಿನಕ್ಕೆ ಎಲ್ಲಿರ್ತೀಯೋ ನಿಂಗಾದ್ರೂ ಗೊತ್ತೈತಾ?”

ಕುರಿಗಾಹಿ ಎದ್ದು ನಿಂತ. “ಯಾಕ್ ಗೊತ್ತಿಲ್ರಿ? ಹೊಲದಾಗೆ ಕುರಿ ನಿಲ್ಸಾಕೆ ರೈತ್ರಿಗೆ ಮಾತು ಕೊಟ್ಟೀನಲ್ಲ. ಈ ಸ್ವಾಮಾರ ತನ್ಕ ಇಲ್ಲೇ ಕಣಿವೆ ಕೆಳ್ಗಳ ತ್ವಾಟ. ಮುಂದ್ಲು ಸ್ವಾಮಾರ ಮಾಡದಕೆರೆ, ಗೌಡ್ರ ಹೊಲ. ಅದ್ರಾಚೆ ಸ್ವಾಮಾರ ಹೊಳಲ್ಕೆರೆ ರಸ್ತೆ, ಪಂಪ್‌ಸೆಟ್ ಮನೆ ಹತ್ರ. ಗೊಬ್ರಕ್ಕೆ ಕಾಯ್ತಿರ್ತಾರ್ರಿ, ಒಂದಿನ ತಪ್ಪಿದ್ರೂ ಬೈತಾರೆ. ನೀವು ಇವತ್ತು ಹತ್ತಕ್ಕೆ ಅಂದಿದ್ರಂತೆ?”

ಪ್ರಾಧ್ಯಾಪಕರು ಗಡಿಯಾರ ನೋಡಿಕೊಂಡು ತೋಳು ಮಡಚಿದರು. “ಮಾಡುವವರು ನೀವು. ನಾನು ನಿಂತು ಹೇಳುತ್ತೇನೆ, ಅಷ್ಟೆ.”

ಇಬ್ಬರು ವೈದ್ಯರು ದೋಣಿ ಬಿಟ್ಟು ಉಳಿದರು. ಒಬ್ಬರು ಯಂತ್ರ ತುಳಿದರು. ನಾನು ಹಲ್ಲಿನ ಹಿಂಬದಿಯಿಂದ ಕೊರೆದೆ. ಕೀವು ಹರಿದ ಕೂಡಲೇ ಅವನ ಮುಷ್ಟಿ ಸಡಿಲವಾಯಿತು. ಕೊಳಕನ್ನು ಉಜ್ಜಿ ತೆಗೆಯುವ, ಕೂದಲಿನಷ್ಟು ಸಣ್ಣ ಅರಗಳನ್ನು ಒಂದೊಂದಾಗಿ ಬೇರಿನೊಳಗೆ ಇಳಿಸಿದೆ. “ನಿಧಾನ, ತುದಿ ತಾಕಬಾರದು,” ಎಂದು ಪ್ರಾಧ್ಯಾಪಕರು ಎರಡು ಸಲ ಎಚ್ಚರಿಸಿದರು. ಔಷಧದ ಹತ್ತಿಯಿಟ್ಟು ಮುಚ್ಚಿದಾಗ ಹನ್ನೊಂದೂವರೆ. ದಿನಾಂಕ ಬರೆಯುವ ಜಾಗದಲ್ಲಿ ಅವನು ಹೇಳಿದ ಹೊಲಗಳನ್ನೇ ಬರೆದುಕೊಂಡೆ. ಎರಡನೆಯ ಸಲಕ್ಕೂ ಮೂರನೆಯ ಸಲಕ್ಕೂ ಸೋಮವಾರ ಒಂಬತ್ತಕ್ಕೆ ಹೊಸದುರ್ಗಕ್ಕೆ ಬರಬೇಕೆಂದು ಹೇಳಿದೆ.

ಮುಂದಿನ ಸೋಮವಾರ ನಾನು ಬೀಗ ತೆಗೆಯುವ ಮೊದಲೇ ಅವನು ಬಾಗಿಲಲ್ಲಿದ್ದ. ಅದರಾಚೆಯ ಸೋಮವಾರ ಬರಲಿಲ್ಲ. ಒಂಬತ್ತಾಯಿತು, ಹತ್ತಾಯಿತು. ಅಂದು ಏನೋ ಕೆಲಸಕ್ಕೆ ಹೊಸದುರ್ಗಕ್ಕೆ ಬಂದು, ನನ್ನಲ್ಲಿ ಚಹಾ ಕುಡಿಯುತ್ತಿದ್ದ ಕಾರ್ಯದರ್ಶಿಗೆ ಅಷ್ಟೇ ಸಾಕಾಯಿತು. “ಹೇಳಿರ್ಲಿಲ್ವಾ ಮೇಡಂ? ಕುರಿ ಜತೆ ಹೋದ ನೋಡ್ರಿ!”

ನಾನು ಬಾಗಿಲಿಗೆ ಬೀಗ ಹಾಕಿದೆ. ಕೆಲಸದ ದಿನ ಹತ್ತು ಗಂಟೆಗೆ ಬೀಗ ಹಾಕಿದ್ದು ನನ್ನ ಜೀವಮಾನದಲ್ಲಿ ಅದೇ ಮೊದಲು. ಅರಗಳು, ಸ್ಪಿರಿಟ್ ದೀಪ, ಬೇರು ತುಂಬುವ ಕಡ್ಡಿಗಳನ್ನೆಲ್ಲ ತಗಡಿನ ಡಬ್ಬಿಗೆ ಹಾಕಿಕೊಂಡು ಹೊಳಲ್ಕೆರೆಯ ಬಸ್ಸು ಹತ್ತಿದೆ. ಡಾಕ್ಟರು ರೋಗಿಯನ್ನು ಹುಡುಕಿಕೊಂಡು ಹೊಲಕ್ಕೆ ಹೋಗಬಾರದೆಂದು ಯಾವ ಪುಸ್ತಕದಲ್ಲೂ ನಾನು ಓದಿರಲಿಲ್ಲ.

ಪಂಪ್‌ಸೆಟ್ ಮನೆಯ ಬಳಿ ಬಸ್ಸು ನಿಲ್ಲಿಸಿ ಇಳಿದೆ. ಕುರಿಗಳು ಅಲ್ಲೇ ಇದ್ದವು. ಅವನು ಓಡಿ ಬಂದ.

“ತಪ್ಪಾತ್ರಿ ಡಾಕ್ಟ್ರಮ್ಮ. ಅಣ್ಣಂಗೆ ಜ್ವರ. ಮಂದೆ ಬಿಟ್ಟು ಬರಾಕಾಗ್ಲಿಲ್ಲ. ಹೇಳಿ ಕಳ್ಸಾನ ಅಂದ್ರೆ ಈ ಕಡಿಂದ ಯಾರೂ ಹೊಸದುರ್ಗಕ್ಕೆ ಹೋಗ್ಲಿಲ್ಲ.”

“ಬಾಯಿ ತೊಳ್ಕೊಂಡು ಬಾ,” ಎಂದೆ.

ಹೊಲದ ಒಡೆಯ ತೊಟ್ಟಿಯ ಕಟ್ಟೆಯ ಮೇಲೆ ಕಂಬಳಿ ಹಾಸಿದ. ನೀರು ಕಾಯಿಸಿಕೊಟ್ಟ. ಕುರಿಗಾಹಿ ತಲೆ ಹಿಂದಕ್ಕೆ ಚೆಲ್ಲಿ ಕುಳಿತ, ನಾನು ನಿಂತೇ ಕೆಲಸ ಮಾಡಿದೆ. ಹಳೆಯ ಹತ್ತಿ ತೆಗೆದೆ, ವಾಸನೆಯಿರಲಿಲ್ಲ, ಕೀವಿರಲಿಲ್ಲ. ಬೇರನ್ನು ಒಣಗಿಸಿ, ತುದಿಯವರೆಗೆ ತುಂಬಿ, ಸಿಮೆಂಟಿನಿಂದ ಮುಚ್ಚಿದೆ. ಬೆರಳಿನಿಂದ ಹಲ್ಲನ್ನು ತಟ್ಟಿ “ನೋವೈತಾ?” ಎಂದೆ. ಇಲ್ಲವೆಂದು ತಲೆಯಾಡಿಸಿದ.

ಒಡೆಯ ಅಷ್ಟು ಹೊತ್ತೂ ಬಗ್ಗಿ ನೋಡುತ್ತಿದ್ದವನು ತನ್ನ ದವಡೆ ಹಿಡಿದುಕೊಂಡು ಮುಂದೆ ಬಂದ. “ನಂದೂ ಒಂದೈತ್ರಿ, ಹಿಂದ್ಲುದು. ಕೀಳ್ಸಾನ ಅಂತಿದ್ದೆ. ಹೆಂಗೂ ಬಂದೀರಿ…”

“ಕೀಳಲ್ಲ,” ಎಂದೆ. “ಮೂರು ಸಲ ಬರಬೇಕು. ಸೋಮವಾರ, ಹೊಸದುರ್ಗ, ಒಂಬತ್ತಕ್ಕೆ. ಒಂಬತ್ತೂಕಾಲಕ್ಕಲ್ಲ.”