ಓಡಲು ಬರೆದುಕೊಟ್ಟ ಚೀಟಿ

ಕಳೆದ ಭಾನುವಾರ ಬೆಳಗ್ಗೆ ನಾಲೆ ಏರಿಯ ಮೇಲೆ ಓಡುತ್ತಿದ್ದಾಗ ಹೊನ್ನೂರಿನ ಕಡೆಯಿಂದ ಬೆಲ್ಲದ ಪಾಕ ಕುದಿಯುವ ವಾಸನೆ ಬಂತು. ಕಬ್ಬಿನ ಸೀಮೆಯಲ್ಲಿರುವವರಿಗೆ ಇದು ಹೇಳಿಕೊಳ್ಳುವಂಥ ವಿಷಯವಲ್ಲ. ಕುಂತೂರಿನ ಪಕ್ಕದ ಹಳ್ಳಿ ನಮ್ಮದು. ಸಕ್ಕರೆ ಕಾರ್ಖಾನೆಯ ವಾಸನೆಯಲ್ಲೇ ನಾವು ಹಲ್ಲುಜ್ಜುತ್ತೇವೆ, ಅದರಲ್ಲೇ ಮಲಗುತ್ತೇವೆ. ಆದರೆ ಆಲೆಮನೆಯ ಬಿಸಿ ಬೆಲ್ಲದ ವಾಸನೆ ಮೂಗಿಗೆ ಬಿದ್ದರೆ ನನ್ನ ಕಾಲು ತಾನೇ ನಿಧಾನವಾಗುತ್ತದೆ. ಯಾಕೆಂದು ಹೇಳುತ್ತೇನೆ. ಅದಕ್ಕೆ ಮೊದಲು ನನಗೆ ಸಕ್ಕರೆ ಕಾಯಿಲೆ ಬಂದದ್ದು ಹೇಗೆ ಅನ್ನುವುದನ್ನು ಹೇಳಬೇಕು. ಬಂದದ್ದು ಅಂದರೆ ಅದೂ ಸುಳ್ಳು. ನಮ್ಮ ಅತ್ತೆ ಬರಿಸಿದ್ದು.

ನಾನು ಕೊಳ್ಳೇಗಾಲದ ಒಂದು ಹೈಸ್ಕೂಲಿನಲ್ಲಿ ಗಣಿತದ ಟೀಚರ್. ಓದುವಾಗ ಓಟದಲ್ಲಿ ಒಂದೆರಡು ಸ್ಟೀಲ್ ಲೋಟ, ಒಂದು ಟಿಫನ್ ಡಬ್ಬಿ ಗೆದ್ದಿದ್ದೆ. ಮದುವೆಯಾದ ಮೇಲೆ ಬಸ್ಸು ಹಿಡಿಯಲು ಓಡಿದ್ದೇ ಓಟ. ಮೂವತ್ತೆಂಟು ತುಂಬಿದ ವರ್ಷ ಇದ್ದಕ್ಕಿದ್ದಂತೆ ಮತ್ತೆ ಓಡಬೇಕು ಅನ್ನಿಸಿತು. ದೊಡ್ಡ ಕಾರಣವೇನೂ ಇರಲಿಲ್ಲ. ಶಾಲೆಯ ಮೈದಾನದಲ್ಲಿ ಹೆಣ್ಣುಮಕ್ಕಳು ಓಡುವುದನ್ನು ಕಿಟಕಿಯಿಂದ ನೋಡುತ್ತ ನಿಂತಿದ್ದಾಗ ಹೊಟ್ಟೆಕಿಚ್ಚಾಯಿತು, ಅಷ್ಟೇ. ಮಾರನೆಯ ಬೆಳಗ್ಗೆ ಯಜಮಾನರ ಹಳೆಯ ಟೀ ಶರ್ಟು ಹಾಕಿಕೊಂಡು ನಾಲೆ ಏರಿ ಹತ್ತಿದೆ.

ನಮ್ಮ ಕಡೆ ಯಾರಾದರೂ ಓಡುತ್ತಿದ್ದರೆ ಏನೋ ಆಗಿದೆ ಎಂದೇ ಅರ್ಥ. ಮೊದಲ ವಾರ ನನ್ನ ಪಕ್ಕ ನಿಂತ ಬೈಕುಗಳಿಗೆ ಲೆಕ್ಕವಿಲ್ಲ. ಯಾರಿಗೆ ಹುಷಾರಿಲ್ಲ, ಯಾವ ಆಸ್ಪತ್ರೆ, ಹತ್ತಿಕೊಳ್ಳಿ ಬಿಡ್ತೀವಿ ಎಂದು ಒಳ್ಳೆಯ ಮನಸ್ಸಿನಿಂದ ಕೇಳುತ್ತಿದ್ದರು. ಸುಮ್ಮನೆ ಓಡುತ್ತಿದ್ದೇನೆ ಎಂದರೆ ಮುಖ ಸಣ್ಣದು ಮಾಡಿಕೊಂಡು ಹೋಗುತ್ತಿದ್ದರು. ಸುಮ್ಮನೆ ಓಡುವ ಹೆಂಗಸನ್ನು ಯಾವ ಖಾನೆಗೆ ಹಾಕುವುದೆಂದು ಅವರಿಗೆ ತಿಳಿಯುತ್ತಿರಲಿಲ್ಲ.

ಒಂದು ಸಂಜೆ ನಮ್ಮ ಮಾವ ಮಾತೆತ್ತಿದರು. ಜೋರು ಮನುಷ್ಯರಲ್ಲ ಅವರು. ಟೀ ಅಂಗಡಿಯಲ್ಲಿ ತಮ್ಮನ್ನು ಯಾರೂ ಏನೂ ಕೇಳದಿದ್ದರೆ ಸಾಕು ಅನ್ನುವವರು. ಅಂಗಡಿಯಲ್ಲಿ ಈಗ ದಿನಾ ಕೇಳುತ್ತಿದ್ದಾರಂತೆ. ನಿಮ್ಮ ಸೊಸೆ ಪ್ಯಾಂಟು ಹಾಕಿಕೊಂಡು ಎಲ್ಲಿಗೆ ಓಡೋದು ಎಂದು. ನಾನೇನು ಹೇಳಲಿ, ನಿಲ್ಲಿಸಿಬಿಡವ್ವ ಎಂದರು. ನಾನು ಬಾಯಿ ತೆರೆಯುವುದಕ್ಕೆ ಮೊದಲೇ, ಅವರೆಕಾಯಿ ಬಿಡಿಸುತ್ತಿದ್ದ ಅತ್ತೆ ತಲೆ ಎತ್ತದೆ ಹೇಳಿದರು:

"ಅವ್ಳಿಗೆ ಸಕ್ರ ಕಾಯ್ಲ. ಡಾಕ್ಟ್ರು ಓಡು ಅಂದವ್ರೆ. ಓಡದು ಬುಟ್ರೆ ನಾಳ ಸೂಜಿ ಚುಚ್ಕಬೇಕು."

ಆಮೇಲೆ ಎದ್ದು ಹೋಗಿ, ದೇವರ ಗೂಡಿನಲ್ಲಿದ್ದ ಮಾದಪ್ಪನ ಫೋಟೋ ಹಿಂದಿನಿಂದ ಮಡಿಚಿದ ಡಾಕ್ಟರ ಚೀಟಿಯೊಂದನ್ನು ತಂದು ಮಾವನ ಕೈಗಿಟ್ಟರು. ಇಂಗ್ಲಿಷು, ಅದರಲ್ಲೂ ಡಾಕ್ಟರ ಇಂಗ್ಲಿಷು. ಮಾವ ಅದನ್ನು ಹಿಂದೆಮುಂದೆ ತಿರುಗಿಸಿ ನೋಡಿ ವಾಪಸು ಕೊಟ್ಟರು. ಯಾವ ಕಾಲದ್ದೋ ಕೆಮ್ಮಿನ ಚೀಟಿ ಇರಬೇಕೆಂದು ನಾನು ಒಳಗೊಳಗೇ ನಕ್ಕು ಅತ್ತೆಯ ಬುದ್ಧಿಗೆ ಕೈಮುಗಿದೆ.

ವಾರದೊಳಗೆ ಮೂರು ಊರಿಗೆ ನನ್ನ ಕಾಯಿಲೆ ಗೊತ್ತಾಯಿತು. ಬೈಕಿನವರು ಈಗ ನಿಲ್ಲಿಸಿದರೆ, ಎಷ್ಟಿದೆ ಟೀಚರಮ್ಮ, ಕಡಿಮೆ ಆಯ್ತಾ ಎಂದು ಕೇಳುವುದಕ್ಕೆ. ಮನೆಗೆ ಹಾಗಲಕಾಯಿ ಬಂತು, ನೇರಳೆ ಬೀಜದ ಪುಡಿ ಬಂತು, ಅಮೃತಬಳ್ಳಿ ಬಂತು. ಮದುವೆ ಮನೆಗಳಲ್ಲಿ ಒಬ್ಬಟ್ಟು ಬಡಿಸುವವರು ನನ್ನ ಎಲೆಯ ಮುಂದೆ ಬಂದಾಗ ಕರುಣೆಯಿಂದ ನನ್ನ ಮುಖ ನೋಡಿ ಮುಂದಕ್ಕೆ ಹೋಗಿಬಿಡುತ್ತಿದ್ದರು. ನನಗೆ ಒಬ್ಬಟ್ಟೆಂದರೆ ಪ್ರಾಣ. ಆದರೂ ನಿಜ ಹೇಳುತ್ತೇನೆ, ನನಗೆ ಆ ಕಾಯಿಲೆ ಹಿಡಿಸಿತ್ತು. ಯಾರೂ ಬೇಡ ಅನ್ನದ ಒಂದೂವರೆ ಗಂಟೆ ದಿನಾ ಬೆಳಗ್ಗೆ ಸಿಗುತ್ತಿತ್ತು.

ಅತ್ತೆ ಆ ಸುಳ್ಳನ್ನು ಅಚ್ಚುಕಟ್ಟಾಗಿ ನಡೆಸಿದರು. ಕಾಲಿಗೆ ಗಾಯವಾಗದ ಹಾಗೆ ನೋಡ್ಕೊ, ಮಾವಿನಹಣ್ಣು ಮುಟ್ಟಬೇಡ, ಅನ್ನ ಕಡಿಮೆ ಮಾಡು ಎಂದು ನೆರೆಯವರ ಮುಂದೆ ನನಗೆ ಹೇಳುತ್ತಿದ್ದರೆ, ನನಗೇ ಕಾಯಿಲೆ ಇದೆಯೇನೋ ಅನ್ನಿಸುತ್ತಿತ್ತು. ಸೊಸೆ ತಿನ್ನದ ಮೇಲೆ ತನಗ್ಯಾಕೆ ಎಂದು ತಾವೂ ಸಿಹಿ ಬಿಟ್ಟರು. ಇದು ಸಣ್ಣ ಮಾತಲ್ಲ. ಅವರ ತವರಿನವರು ಹೊನ್ನೂರಿನ ಕಡೆಯ ಆಲೆಮನೆಯವರು. ಅತ್ತೆ ಬೆಲ್ಲ ಕುದಿಯುವ ಕೊಪ್ಪರಿಗೆಗೆ ಬೆನ್ನು ಮಾಡಿ ಕೂತು, ಬರೀ ವಾಸನೆಯಲ್ಲಿ, ಪಾಕ ಬಂತು ಇಳಿಸಿ ಎಂದು ಹೇಳುತ್ತಿದ್ದರಂತೆ. ಊಟದ ಕೊನೆಗೆ ಅಂಗೈಯಗಲ ಬೆಲ್ಲ ಇಲ್ಲದೆ ಎದ್ದವರಲ್ಲ. ಅಂಥವರು ನನಗಾಗಿ ಬಿಟ್ಟರಲ್ಲ ಎಂದು ಊರೇ ಕೊಂಡಾಡಿತು. ನಾನೂ ಕೊಂಡಾಡಿದೆ.

ಹೀಗೆ ಎರಡು ತಿಂಗಳು ಕಳೆಯುವಷ್ಟರಲ್ಲಿ ನನ್ನ ಆಸೆ ಬೆಳೆಯಿತು. ಹನೂರಿನ ಆಚೆ, ಕೌದಳ್ಳಿ ಕಡೆಯ ಗುಡ್ಡದ ದಾರಿಯಲ್ಲಿ ನಲವತ್ತು ಕಿಲೋಮೀಟರಿನ ಓಟವೊಂದು ಇದೆ ಎಂದು ಶಾಲೆಯ ಪಿ.ಟಿ. ಮೇಷ್ಟ್ರು ಹೇಳಿದರು. ಅದಕ್ಕೆ ಹೋಗಬೇಕಾದರೆ ಮೊದಲು ಒಂದು ಸಲವಾದರೂ ಮೂವತ್ತು ಓಡಿ ನೋಡಿ, ಆಗದಿದ್ದರೆ ಹೆಸರು ಕೊಡಬೇಡಿ ಎಂದೂ ಹೇಳಿದರು. ಹೆಸರು ಕೊಡಲು ಉಳಿದಿದ್ದದ್ದು ಒಂದೇ ಭಾನುವಾರ.

ಆ ಭಾನುವಾರ ಐದು ಗಂಟೆಗೆ ಹೊರಟೆ. ನಾಲೆ ಏರಿಯಲ್ಲಿ ಹತ್ತು, ಆಮೇಲೆ ಕಬ್ಬಿನ ಗದ್ದೆಗಳ ನಡುವಿನ ಗಾಡಿದಾರಿಯಲ್ಲಿ ಐದು, ಅಲ್ಲಿಂದ ವಾಪಸು. ಖರ್ಜೂರ, ಕಡಲೆಮಿಠಾಯಿ, ಫೋನು ಎಲ್ಲವನ್ನೂ ಸೊಂಟದ ಚೀಲಕ್ಕೆ ತುಂಬಿ, ಆ ಚೀಲವನ್ನು ಬಟ್ಟೆ ಒಗೆಯುವ ಕಲ್ಲಿನ ಮೇಲಿಟ್ಟು ಶೂ ಕಟ್ಟಿಕೊಂಡು ಹೊರಟುಬಿಟ್ಟೆ. ನೆನಪಾದದ್ದು ನಾಲ್ಕನೇ ಕಿಲೋಮೀಟರಿನಲ್ಲಿ. ತಿರುಗಿ ಹೋದರೆ ಮಾವ ಎದ್ದಿರುತ್ತಾರೆ, ಮತ್ತೆ ಹೊರಡುವುದು ಕಷ್ಟ. ಮಕ್ಕಳಿಗೆ ದಿನಾ ಲೆಕ್ಕ ಹೇಳಿಕೊಡುವ ನಾನು, ದಾರಿಯಲ್ಲಿ ಸಿಗುವ ನೀರು ಕುಡಿದೇ ಮೂವತ್ತು ಓಡಬಹುದೆಂಬ ಲೆಕ್ಕ ಹಾಕಿದೆ.

ಹದಿನೈದು ಮುಟ್ಟಿ ತಿರುಗುವವರೆಗೆ ಚೆನ್ನಾಗಿಯೇ ಇತ್ತು. ಕಬ್ಬಿನ ಗರಿ ಎರಡೂ ಕಡೆ ಮೈಗೆ ತಾಗುತ್ತಿತ್ತು, ದೂರದಲ್ಲಿ ಬೆಟ್ಟದ ಸಾಲು ಮಂಜಿನಿಂದ ಹೊರಬರುತ್ತಿತ್ತು. ಇಪ್ಪತ್ತಕ್ಕೆ ತೊಡೆ ಕಲ್ಲಾಯಿತು. ಇಪ್ಪತ್ತೆರಡಕ್ಕೆ ಕೈ ನಡುಗಿ, ತಣ್ಣನೆ ಬೆವರು ಬಂದು, ಏರಿಯ ಅಂಚು ಎರಡೆರಡಾಗಿ ಕಂಡಿತು. ಆಗ ಈ ಬೆಲ್ಲದ ವಾಸನೆ ಬಂತು. ಏರಿಯ ಕೆಳಗೇ ಅತ್ತೆಯ ತವರಿನ ಆಲೆಮನೆ. ಇಳಿದು ಹೋಗಿ ಕಬ್ಬಿನ ಸಿಪ್ಪೆಯ ಗುಡ್ಡೆಯ ಮೇಲೆ ಕುಸಿದು ಕೂತೆ.

ಆಲೆಮನೆ ನಡೆಸುವ ರಾಜಣ್ಣ ಅತ್ತೆಯ ಚಿಕ್ಕಪ್ಪನ ಮಗ. ದಾರಿಹೋಕರು ಯಾರೇ ಬರಲಿ, ಒಂದು ಲೋಟ ಕಬ್ಬಿನ ಹಾಲು, ಒಂದು ಉಂಡೆ ಬಿಸಿ ಬೆಲ್ಲ ಕೊಡದೆ ಕಳಿಸುವ ಪದ್ಧತಿ ಆಲೆಮನೆಗಳಲ್ಲಿಲ್ಲ. ನಾನು ಬೆಲ್ಲ ಕೇಳಿದೆ. ರಾಜಣ್ಣ ನನ್ನ ಮುಖ ನೋಡಿ ತಂಬಿಗೆಯಲ್ಲಿ ನೀರು ತಂದುಕೊಟ್ಟ. ಮತ್ತೆ ಕೇಳಿದೆ.

"ಅದೊಂದು ಬುಟ್ಟು ಏನಾರ ಕೇಳಿ ಟೀಚರಮ್ಮ. ನಿಮ್ಗ ಒಂದು ಚೂರೂ ಕೊಡಕೂಡ್ದು ಅಂತ ಅಕ್ಕ ಯೋಳವ್ರೆ" ಎಂದ.

ನನಗೆ ಸಕ್ಕರೆ ಕಾಯಿಲೆ ಇಲ್ಲ ಎಂದೆ. ಸಕ್ಕರೆ ಇರುವವರೆಲ್ಲ ಬೆಲ್ಲ ಕಂಡಾಗ ಹೀಗೇ ಹೇಳುವುದು ಎಂದು ಅವನು ನಕ್ಕ. ಒಲೆಗೆ ಸಿಪ್ಪೆ ತಳ್ಳುತ್ತಿದ್ದವರೊಬ್ಬರು, ಹೀಗೆ ನಡುಕ ಬಂದಾಗ ಸಿಹಿಯನ್ನೇ ಕೊಡಬೇಕಂತೆ ಎಂದರು. ಇನ್ನೊಬ್ಬರು ಕೊಟ್ಟರೆ ಅಲ್ಲೇ ಬಿದ್ದುಹೋಗುತ್ತಾರೆ ಎಂದರು. ಅವರ ವಾದ ನಡೆಯುತ್ತಿದ್ದಾಗ ನನ್ನಿಂದ ಎರಡು ಮಾರು ದೂರದಲ್ಲಿ ಕೊಪ್ಪರಿಗೆ ತುಂಬ ಬೆಲ್ಲ ಕುದಿಯುತ್ತಿತ್ತು. ಟ್ರ್ಯಾಕ್ಟರಿನಲ್ಲಿ ಮನೆಗೆ ಬಿಟ್ಟುಬಿಡೋಣ ಎಂದು ಕೊನೆಗೆ ತೀರ್ಮಾನವಾಯಿತು. ಟ್ರ್ಯಾಕ್ಟರ್ ಹತ್ತಿದರೆ ಮೂವತ್ತು ಮುಗಿಯುವುದಿಲ್ಲ, ಹನೂರಿನ ಓಟವೂ ಇಲ್ಲ. ಅಕ್ಕನ್ನ ಒಂದು ಮಾತು ಕೇಳಿಬಿಡ್ತೀನಿ ಎಂದು ರಾಜಣ್ಣ ಫೋನು ತೆಗೆದ. ಗಾಣದ ಸದ್ದಿಗೆ ಕೇಳಿಸಲೆಂದು ಸ್ಪೀಕರಿಗೆ ಹಾಕಿದ.

ಬೇಡ ಅನ್ನುವಷ್ಟರಲ್ಲಿ ಆ ಕಡೆ ಫೋನು ಎತ್ತಿದ್ದರು. ಅತ್ತೆ ನಿಜ ಹೇಳಿದರೆ ಇಷ್ಟು ದಿನ ಊರಿಗೆಲ್ಲ ಸುಳ್ಳು ಹೇಳಿದವರಾಗುತ್ತಾರೆ. ಸುಳ್ಳನ್ನೇ ಹೇಳಿದರೆ ನಾನು ಟ್ರ್ಯಾಕ್ಟರ್ ಹತ್ತಬೇಕು. ರಾಜಣ್ಣ ಎಲ್ಲ ವಿವರಿಸಿ, ನಿಮ್ಮ ಸೊಸೆ ಬೆಲ್ಲ ಕೇಳ್ತಾವರೆ ಎಂದ. ಆ ಕಡೆಯಿಂದ ಮಾವ ಕೆಮ್ಮುವುದು ಕೇಳಿಸಿತು. ಅಂದರೆ ಅವರೂ ಪಕ್ಕದಲ್ಲೇ ಇದ್ದಾರೆ.

"ಕೊಡಪ್ಪ ರಾಜು" ಎಂದರು ಅತ್ತೆ. "ಅವ್ಳಿಗೆ ಯಾವ್ ಸಕ್ರ ಕಾಯ್ಲನೂ ಇಲ್ಲ."

"ಮತ್ಯಾಕಕ್ಕ ಇಂಗ್ ಓಡದು?"

"ಅವ್ಳಿಗೆ ಓಡಾಕಿಷ್ಟ. ಅದ್ಕೇ ಓಡ್ತಳೆ. ಬಿಸಿದು ಕೊಡು, ಅಚ್ಚಿಂದು ಬ್ಯಾಡ."

ಯಾರೂ ನಗಲಿಲ್ಲ. ರಾಜಣ್ಣ ಕಬ್ಬಿನ ಜಲ್ಲೆಯೊಂದನ್ನು ಕೊಪ್ಪರಿಗೆಗೆ ಅದ್ದಿ, ಸುತ್ತಿ, ಗರಿಯ ಮೇಲೆ ಬಳಿದುಕೊಟ್ಟ. ನಾಲಿಗೆ ಸುಟ್ಟುಕೊಂಡು ತಿಂದೆ. ಅತ್ತದ್ದು ನಾಲಿಗೆ ಸುಟ್ಟದ್ದಕ್ಕೆ ಎಂದು ಅವರೆಲ್ಲ ತಿಳಿದಿರಬೇಕು. ನನ್ನ ಇಷ್ಟವನ್ನು ಇಷ್ಟ ಎಂದೇ ಹೇಳಿದವರು ಅಲ್ಲಿಯವರೆಗೆ ಯಾರೂ ಇರಲಿಲ್ಲ, ನಾನೂ ಹೇಳಿರಲಿಲ್ಲ. ಅರ್ಧ ಗಂಟೆ ಕೂತು, ಎದ್ದು, ಉಳಿದ ಎಂಟನ್ನು ಓಡಿ ಮುಗಿಸಿದೆ.

ಮನೆಗೆ ಬಂದಾಗ ಮಾವ ಜಗಲಿಯ ಮೇಲೆ ಚೀಟಿ ಹಿಡಿದು ಕೂತಿದ್ದರು. ಬೈಯುತ್ತಾರೆಂದು ನಿಂತೆ. "ಅಂಗಾದ್ರ ಇದ್ಯಾರ್ದವ್ವ?" ಎಂದರು, ಅಷ್ಟೇ.

ನಾನು ಈಸಿಕೊಂಡು ಓದಿದೆ. ಹದಿನೈದು ವರ್ಷ ಉತ್ತರಪತ್ರಿಕೆ ತಿದ್ದಿದವಳಿಗೆ ಎಂಥ ಕೈಬರಹವೂ ಕಷ್ಟವಲ್ಲ. ಮೇಲೆ ಅತ್ತೆಯ ಹೆಸರು. ಸಕ್ಕರೆ ಕಾಯಿಲೆ, ಎರಡು ಮಾತ್ರೆ, ಸಿಹಿ ಬಿಡಬೇಕು, ದಿನಾ ಬೆಳಗ್ಗೆ ಒಂದು ಗಂಟೆ ನಡೆಯಬೇಕು. ನಾನು ಓಡಲು ಶುರುಮಾಡುವುದಕ್ಕೆ ಒಂದು ತಿಂಗಳ ಹಿಂದಿನ ಚೀಟಿ.

ಮಾತ್ರೆಗಳು ರಾಗಿ ಡಬ್ಬಿಯಲ್ಲಿದ್ದವು. ಅವನ್ನು ತಪ್ಪದೆ ನುಂಗುತ್ತಿದ್ದರಂತೆ. ಮತ್ತೆ ನಡೆಯುವುದು ಯಾಕಿಲ್ಲ ಎಂದು ಕೇಳಿದೆ. ಅತ್ತೆ ಸೆರಗು ಸರಿಮಾಡಿಕೊಂಡು ಹೇಳಿದರು: "ಈ ವಯಸ್ಸಲ್ಲಿ ಬೆಳಗೆದ್ದು ಸುಮ್ಸುಮ್ಕ ಬೀದಿ ಸುತ್ತುದ್ರ ಜನ ಏನಂದರು ಮಗ. ನೀ ಎಂಗೂ ಓಡ್ತಿದ್ದಲ್ಲ, ಚೀಟಿ ನಿಂಗಾರ ಆಗ್ಲಿ ಅಂದ್ಕಂಡಿ."

ನನಗೆ ತುಂಬ ನಾಚಿಕೆಯಾಯಿತು. ಮೂವತ್ತು ಕಿಲೋಮೀಟರು ಓಡಿದವಳು, ಮನೆಯೊಳಗಿದ್ದ ನಾಲ್ಕು ಸಾಲನ್ನು ಎರಡು ತಿಂಗಳು ಓದಿರಲಿಲ್ಲ.

ಹನೂರಿನ ಓಟವನ್ನೂ ಓಡಿದೆ. ಓಡಿ ಮುಗಿಸಿದವರ ಪಟ್ಟಿಯನ್ನು ಕೊನೆಯಿಂದ ನೋಡುತ್ತ ಬಂದರೆ ನನ್ನ ಹೆಸರು ಬೇಗ ಸಿಗುತ್ತದೆ. ಮಾವ ಟೀ ಅಂಗಡಿಯಲ್ಲಿ ಏನು ಹೇಳಿದರೋ ತಿಳಿಯದು. ಬೈಕಿನವರು ಈಗ ಕೈ ಬೀಸಿ ಹೋಗುತ್ತಾರೆ. ಅತ್ತೆಯನ್ನು ಏರಿಗೆ ಹತ್ತಿಸಲು ಮಾತ್ರ ತಿಂಗಳು ಹಿಡಿಯಿತು. ಮೊದಮೊದಲು ಹುಲ್ಲು ಕೊಯ್ಯುವವರ ಹಾಗೆ ಕೈಯಲ್ಲಿ ಕುಡುಗೋಲು ಹಿಡಿದು ಬರುತ್ತಿದ್ದರು. ಮನೆಯಲ್ಲಿ ಹಸು ಇಲ್ಲದ್ದು ಊರಿಗೆಲ್ಲ ಗೊತ್ತಿದ್ದರಿಂದ, ಒಂದು ದಿನ ತಾವೇ ಅದನ್ನು ಬಿಟ್ಟು ಬಂದರು. ಈಗ ಬರಿಗೈಯಲ್ಲಿ ನಡೆದು, ಎರಡು ಕಿಲೋಮೀಟರು ದೂರದ ತೂಬಿನ ಕಟ್ಟೆಯ ಮೇಲೆ ಕೂತು, ನಾನು ಬರುವವರೆಗೆ ಕಾಯುತ್ತಾರೆ.

ಕಳೆದ ಭಾನುವಾರವೂ ಕೂತಿದ್ದರು. ರಾಜಣ್ಣನ ಆಲೆಮನೆಯಲ್ಲಿ ನಿಂತು ಬಂದಿದ್ದೆ. ಕೈಗೆ ಬೆಲ್ಲ ಅಂಟಿತ್ತು. ನಾಲೆಗೆ ಇಳಿದು ತೊಳೆದುಕೊಳ್ಳಲು ಹೋದವಳನ್ನು ಅತ್ತೆ ತಡೆದರು. ನನ್ನ ಅಂಗೈಯನ್ನು ಎರಡೂ ಕೈಯಲ್ಲಿ ಹಿಡಿದು ಮೂಗಿನ ಹತ್ತಿರ ತಂದುಕೊಂಡು, ಕಣ್ಣು ಮುಚ್ಚಿ, ನಿಧಾನವಾಗಿ ಉಸಿರೆಳೆದುಕೊಂಡರು.

"ಪಾಕ ವಸಿ ಮುಂದಕ್ಕೋಗ್ಬುಟ್ಟದ" ಎಂದರು. "ಬಿರ್ನ ಇಳಸ್ಬೇಕಿತ್ತು. ರಾಜುಗ ಯೋಳು."

ಆಮೇಲೆ ಕೈ ಬಿಟ್ಟು, ಈಗ ತೊಳ್ಕೊ ಎಂದರು.